ಡೊರೊತಿಗೆ ಹಾಲು-ತುಪ್ಪ

ಉಗ್ರಪ್ಪ ಮೇಷ್ಟ್ರಿಗೆ ಆ ಹೆಸರಿಟ್ಟವರು ಮಗುವಿನ ಮುಖ ನೋಡದೆ ಇಟ್ಟಿರಬೇಕು. ಅವರು ಕೈಯಲ್ಲಿ ಬೆತ್ತ ಹಿಡಿದದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಗೋಡೆಯ ಮೇಲಿನ ಹಲ್ಲಿ ಓಡಿಸಲು. ಹಲ್ಲಿ ಹೋಗಲಿಲ್ಲ. ಮೇಷ್ಟ್ರೇ ಪಕ್ಕದ ಕೋಣೆಗೆ ಹೋಗಿ ಕುಳಿತರು.

ಧರ್ಮಪುರದಿಂದ ಆಚೆಗೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಮನೆ ಹಿರಿಯೂರಿನಲ್ಲಿ, ನಮ್ಮ ಹಿಂದಿನ ಸಾಲಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಸಿಗುತ್ತಿದ್ದುದು ರಸಗೊಬ್ಬರದ ಚೀಲದ ಮೇಲೆ ಮತ್ತು ಲಾರಿಗಳ ಹಿಂಭಾಗದಲ್ಲಿ. ಚೀಲ ಖಾಲಿಯಾಗುತ್ತಿತ್ತು, ಲಾರಿ ಮುಂದಕ್ಕೆ ಹೋಗುತ್ತಿತ್ತು, ಇಂಗ್ಲಿಷ್ ಮಾತ್ರ ಪಠ್ಯಪುಸ್ತಕದಲ್ಲಿ ಉಳಿಯುತ್ತಿತ್ತು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದ ಮೇಷ್ಟ್ರು ಒಂದು ಹೊಸ ಪದ ತಂದರು.

"ಬ್ಲಾಗು ಅಂದ್ರೆ ಬಾಗ್ಲು ಇದ್ದಂಗೆ ಕಣ್ರೀ," ಎಂದರು. "ತೆರೆದಿಟ್ರೆ ಯಾರು ಬೇಕಾದ್ರೂ ಬರಬಹುದು. ನಮ್ಮ ಹುಡುಗ್ರು ಬರೆದಿದ್ದನ್ನ ಅಮೇರಿಕದೋರೂ ಓದಬಹುದು."

"ನಿಮ್ಮ ಸ್ಕೂಲಲ್ಲಿ ಕಂಪ್ಯೂಟರ್ ಐತಾ?"

"ಐತೆ. ಹೆಡ್‌ಮಾಸ್ಟ್ರ ರೂಮಲ್ಲಿ. ಅರಿಶಿನ ಕುಂಕುಮ ಇಟ್ಟು ಬಟ್ಟೆ ಹೊದಿಸಿದಾರೆ. ಆಯುಧಪೂಜೆಗೆ ಒಂದ್ಸಲ ತೆಗೀತಾರೆ."

ಹಾಗಾಗಿ ಏರ್ಪಾಟು ಹೀಗಾಯಿತು. ಒಂಬತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳು ಶುಕ್ರವಾರ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಬರೆಯಬೇಕು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮೇಷ್ಟ್ರು ಆ ನೋಟ್‌ಬುಕ್ಕುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ ಇಳಿದು ನೇರವಾಗಿ ನಿರಂಜನನ ಸೈಬರ್ ಕೆಫೆಗೆ ಬರಬೇಕು. ಎರಡು ಬೆರಳಿನಲ್ಲಿ ಎಲ್ಲವನ್ನೂ ಕುಟ್ಟಬೇಕು. ಸೋಮವಾರ ಅದರ ಪ್ರಿಂಟು ತೆಗೆದು ಕ್ಲಾಸಿನ ಗೋಡೆಗೆ ಅಂಟಿಸಬೇಕು. ಪತ್ರಿಕೆಗೆ ನನ್ನ ಹಾಸ್ಯ ಬರಹ ಕಳಿಸಲು ನಾನೂ ಶನಿವಾರವೇ ಅಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕುಟ್ಟುವ ಸದ್ದು ಕೇಳಿದರೆ ಯಾರೋ ಚಟ್ನಿಪುಡಿ ಕುಟ್ಟಲು ಕುಳಿತಿದ್ದಾರೆ ಅನ್ನಿಸುತ್ತಿತ್ತು.

ಮೊದಲನೇ ಸೋಮವಾರವೇ ತೊಂದರೆ ಬಂತು. ಪ್ರತಿ ಬರಹದ ಕೆಳಗೆ 'ಸೊನ್ನೆ ಕಾಮೆಂಟ್ಸ್' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೊನೆಯ ಬೆಂಚಿನ ರಾಮಾಂಜನೇಯ ಎದ್ದು ನಿಂತ.

"ಸಾರ್, ನಂಗೆ ಸೊನ್ನೆ ಕೊಟ್ಟಿದ್ದು ನ್ಯಾಯ. ದುರ್ಗಂಗೂ ಸೊನ್ನೇನಾ?"

ಅದು ಮಾರ್ಕ್ಸ್ ಅಲ್ಲ, ಓದಿದವರು ಅಭಿಪ್ರಾಯ ಬರೆಯುವ ಜಾಗ ಎಂದು ಮೇಷ್ಟ್ರು ವಿವರಿಸಿದರು. ಅವನು ಗೋಡೆಯ ಹಾಳೆಗಳನ್ನು ಇನ್ನೊಮ್ಮೆ ನೋಡಿದ.

"ಹಂಗಾದ್ರೆ ಯಾರೂ ಓದಿಲ್ಲ ಅನ್ರಿ."

ಮಾರ್ಕ್ಸ್ ಸೊನ್ನೆಯಾಗಿದ್ದರೇ ಎಷ್ಟೋ ವಾಸಿಯಿತ್ತು.

ದುರ್ಗಾ ಮೊದಲನೇ ಬೆಂಚಿನ ಹುಡುಗಿ. ಬರೆಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಅಮ್ಮ ಹಿಂದೂಪುರದ ಬಸ್ ಹತ್ತಿದವಳು ವಾಪಸ್ ಬಂದಿರಲಿಲ್ಲ. ಯಾರ ಜೊತೆ ಹೋದಳು ಎಂಬುದು ಊರಿಗೆಲ್ಲ ಗೊತ್ತಿತ್ತು, ಯಾಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಶೇಂಗಾ ಬಿಡಿಸುವ ಕೂಲಿ ಮಾಡಿಕೊಂಡು ಅಜ್ಜಿ ಓಬಮ್ಮ ಸಾಕುತ್ತಿದ್ದಳು. ಮೂರನೇ ವಾರವೂ ಸೊನ್ನೆ ಬಂದಾಗ ದುರ್ಗಾ ನೋಟ್‌ಬುಕ್ ಕೊಡಲಿಲ್ಲ. ಮೇಷ್ಟ್ರು ಕೇಳಿದ್ದಕ್ಕೆ, "ಯಾರಿಗೆ ಬರೀಬೇಕು ಸಾರ್?" ಎಂದಳಂತೆ.

ಆ ಶನಿವಾರ ಅವರು ನನ್ನ ಕಡೆ ಕುರ್ಚಿ ತಿರುಗಿಸಿದರು.

"ಒಂದು ಹೆಸರು ಹೇಳ್ರಿ. ಇಂಗ್ಲೆಂಡಿನ ಹೆಂಗಸಿಂದು."

"ಯಾತಕ್ಕೆ?"

"ಹೇಳ್ರಿ ಸುಮ್ನೆ."

ಕಾನ್ವೆಂಟಿನಲ್ಲಿ ನನ್ನ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಇಂಗ್ಲಿಷ್ ಕಲಿಸಿದ ಸಿಸ್ಟರ್ ಡೊರೊತಿ ನೆನಪಾದರು. ಹೆಸರನ್ನು ಅವರಿಂದ ತೆಗೆದುಕೊಂಡೆವು, ಸ್ಕೇಲನ್ನು ಅವರಿಗೇ ಬಿಟ್ಟೆವು. ನಮ್ಮ ಡೊರೊತಿ ನಿವೃತ್ತ ಶಿಕ್ಷಕಿ, ಒಂಟಿ, ಒಂದು ಬೆಕ್ಕು ಸಾಕಿದ್ದಳು, ದಿನಕ್ಕೆ ಐದು ಸಲ ಟೀ ಕುಡಿಯುತ್ತಿದ್ದಳು. ಮಂಡಿನೋವು ಬೇರೆ. ಟೀಯೂ ಮಂಡಿನೋವೂ ಮೇಷ್ಟ್ರದ್ದೇ. ಮಕ್ಕಳ ಬರಹದ ಕೆಳಗೆ ಅವಳ ಹೆಸರಿನಲ್ಲಿ ಹಾಕುವ ಕಾಮೆಂಟನ್ನು ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಸಿಸ್ಟರುಗಳ ಶೈಲಿಯಲ್ಲಿ ಇಂಗ್ಲಿಷ್ ಮಾಡುತ್ತಿದ್ದೆ. ನನಗೆ ಅದೊಂದು ತಮಾಷೆಯಾಗಿತ್ತು. ಅವರಿಗೆ ಆಗಿರಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಅಜ್ಜಿ ಶೇಂಗಾ ಹೋಳಿಗೆ ಮಾಡುವ ಬಗೆಯನ್ನು ದುರ್ಗಾ ಒಮ್ಮೆ ಬರೆದಿದ್ದಳು. ಓದುತ್ತ ಓದುತ್ತ ನನ್ನ ಅಡುಗೆಮನೆಯಲ್ಲೇ ಬೆಲ್ಲದ ವಾಸನೆ ಬಂತು, ಸಾಯುವುದರೊಳಗೆ ಒಂದು ಸಲ ಅದನ್ನು ತಿನ್ನಬೇಕು ಎಂದು ಡೊರೊತಿ ಉತ್ತರಿಸಿದಳು. ಅಷ್ಟೇ ಸಾಕಾಯಿತು. ದುರ್ಗಾ ಅರ್ಧ ಪುಟದಿಂದ ಎರಡು ಪುಟಕ್ಕೆ ಬಂದಳು. ಉಳಿದವರೂ ಬರೆದರು. ಬೆಕ್ಕಿನ ಯೋಗಕ್ಷೇಮವನ್ನು ಮೂವತ್ತೊಂದು ಜನ ವಿಚಾರಿಸಿದರು. ಮನೆಯಲ್ಲಿ ಓಬಮ್ಮ ಕೇಳುತ್ತಿದ್ದಳಂತೆ, "ಏನಂತಾಳೆ ನಿಮ್ಮ ದೊರೆತಮ್ಮ?" ಅಜ್ಜಿಗೆ ಓದು ಬರಹ ಬಾರದು. ಆದರೂ ದೊರೆತ ಅಮ್ಮ ಎಂದು ಅವಳ ಬಾಯಲ್ಲಿ ಬಂದದ್ದನ್ನು ಕೇಳಿ ಶ್ಲೇಷೆಯನ್ನೇ ನಂಬಿ ಬದುಕುವ ನಾನು ಅದನ್ನು ನನ್ನ ಬರಹಕ್ಕೆ ಬಳಸಿಕೊಳ್ಳಲಿಲ್ಲ.

ಜನವರಿಯಲ್ಲಿ ದುರ್ಗಾ ತನ್ನ ಅಮ್ಮನ ಬಗ್ಗೆ ಬರೆದಳು. ಮೂರೇ ಸಾಲು. ಅಮ್ಮ ಬಸ್ ಹತ್ತುವಾಗ ನನಗೆ ಬನ್ ಕೊಡಿಸಿದಳು, ಸಂಜೆ ಬರುತ್ತೇನೆ ಎಂದಳು, ನಾನು ಬನ್ ತಿನ್ನುತ್ತಿದ್ದುದರಿಂದ ಕೈ ಬೀಸಲಿಲ್ಲ ಎಂದು. ಮೇಷ್ಟ್ರು ಅದನ್ನು ಬ್ಲಾಗಿಗೆ ಹಾಕಲಿಲ್ಲ. ಡೊರೊತಿಗೆ ಬೇರೆಯಾಗಿ ಕಳಿಸಿದ್ದೇನೆ ಎಂದು ಅವಳಿಗೆ ಹೇಳಿದರು. ಉತ್ತರ ಬರೆಯಲು ಕುಳಿತವರು ಮುಕ್ಕಾಲು ಗಂಟೆ ಕೀಬೋರ್ಡ್ ಮುಟ್ಟಲಿಲ್ಲ. ಕೊನೆಗೆ ಡೊರೊತಿ ಬರೆದದ್ದು ಇಷ್ಟು: ನಾನು ಓದುತ್ತಿದ್ದೇನೆ ಮಗು, ನೀನು ಬರಿ.

ಮುಂದಿನ ವರ್ಷ ಅವರೆಲ್ಲ ಹತ್ತನೇ ಕ್ಲಾಸಿಗೆ ಬಂದರು. ಜುಲೈನಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಹೊಳಲ್ಕೆರೆ ತಾಲ್ಲೂಕು, ಹೊರಕೆರೆದೇವಪುರ. ಇಲ್ಲಿ ಅವರ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ನೋಟ್‌ಬುಕ್ ಹೊರುವವರಿಲ್ಲ ಎಂದ ಮೇಲೆ ಡೊರೊತಿಯೂ ಇಲ್ಲ.

"ಆಕೆ ಆಸ್ಟ್ರೇಲಿಯಾಕ್ಕೆ ಹೋದ್ಲು ಅಂದ್ಬಿಡ್ರಿ," ಎಂದೆ. "ತಮ್ಮನ ಮನೆಗೆ. ಅಲ್ಲಿ ಇಂಟರ್ನೆಟ್ ಇಲ್ಲ."

ಮೇಷ್ಟ್ರು ತಲೆಯಾಡಿಸಿದರು. "ಬಿಟ್ಟು ಹೋದೋರು ಆ ಹುಡುಗಿಗೆ ಒಬ್ಬರೇ ಸಾಕು. ಬದುಕಿದ್ದೂ ಬರೀಲಿಲ್ಲ ಅಂತ ಆಗಬಾರದು."

"ಮತ್ತೆ?"

"ಸತ್ತೋದ್ಲು ಅಂತೀನಿ. ಸತ್ತೋರ ಮೇಲೆ ಯಾರೂ ಸಿಟ್ಟು ಮಾಡ್ಕಳಲ್ಲ."

ಸೋಮವಾರ ಕ್ಲಾಸಿನಲ್ಲಿ ಹೇಳಿದರು. ಯಾರೂ ಅಳಲಿಲ್ಲವಂತೆ. ದುರ್ಗಾ ಮಾತ್ರ ಎದ್ದು ನಿಂತು, "ಯಾವತ್ತು ಸಾರ್?" ಎಂದಳು. ಮೇಷ್ಟ್ರು "ನಿನ್ನೆ" ಎಂದುಬಿಟ್ಟರು. ಅವಳು ಬೆರಳಲ್ಲಿ ಎಣಿಸಿ ಕುಳಿತುಕೊಂಡಳು. ಸಂಜೆ ಬಸ್ಸಿಗೆ ನಿಂತಿದ್ದಾಗ ಓಬಮ್ಮ ಹುಡುಕಿಕೊಂಡು ಬಂದಳು.

"ಮೇಷ್ಟ್ರೇ, ಆಯಮ್ಮಂಗೆ ಹಿಂದೆ ಮುಂದೆ ಯಾರೂ ಇಲ್ವಂತಲ್ಲ. ನಾಳೆ ಮೂರು ದಿನ ಆಗ್ತೈತೆ. ಹಾಲು-ತುಪ್ಪ ನಾವೇ ಬಿಡ್ತೀವಿ, ನೀವೂ ಬರ್ರಿ. ದಿಕ್ಕಿಲ್ದಂಗೆ ಕಳಿಸಬಾರದು."

ಮರುದಿನ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. "ನೀವೂ ಬರ್ರಿ. ಒಬ್ಬನ ಕೈಲಿ ಆಗಲ್ಲ."

ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ಮಕ್ಕಳು ಮಣ್ಣಿನ ಸಣ್ಣ ಗುಡ್ಡೆ ಮಾಡಿದ್ದರು. ಫೋಟೋ ಇರಲಿಲ್ಲವಲ್ಲ, ಗೋಡೆಯಿಂದ ಡೊರೊತಿಯ ಕಾಮೆಂಟುಗಳ ಹಾಳೆ ಕಿತ್ತು ತಂದು ಗುಡ್ಡೆಯ ಮೇಲಿಟ್ಟು ಗಾಳಿಗೆ ಹಾರದಂತೆ ಕಲ್ಲು ಹೇರಿದ್ದರು. ಮುತ್ತುಗದ ಎಲೆಯಲ್ಲಿ ಎಡೆ. ದುರ್ಗಾ ಬೆಳಗಿನ ಜಾವ ಎದ್ದು ಮಾಡಿದ ಶೇಂಗಾ ಹೋಳಿಗೆ, ಒಂದು ಲೋಟ ಟೀ. ಇಂಗ್ಲಿಷಿನವರು ಬೆಳಿಗ್ಗೆ ಬ್ರೆಡ್ಡೇ ತಿನ್ನುವುದು ಎಂದು ರಾಮಾಂಜನೇಯ ಅಂಗಡಿಯಿಂದ ಬ್ರೆಡ್ ತಂದಿದ್ದ. ಬೆಕ್ಕನ್ನು ಇನ್ನು ಯಾರು ನೋಡಿಕೊಳ್ಳುತ್ತಾರೋ ಎಂದು ಇನ್ನೊಬ್ಬಳು ಒಂದು ಬಟ್ಟಲು ಹಾಲನ್ನು ಪಕ್ಕಕ್ಕಿಟ್ಟಿದ್ದಳು.

ಓಬಮ್ಮ ಹೇಳಿಕೊಟ್ಟಂತೆ ಒಬ್ಬೊಬ್ಬರೇ ಹಾಲು, ತುಪ್ಪ ಬಿಟ್ಟರು. ಮೇಷ್ಟ್ರೂ ಬಿಟ್ಟರು. ನಾನೂ ಬಿಟ್ಟೆ. ಆಮೇಲೆ ಎಲ್ಲರೂ ದೂರ ಸರಿದು ಕಾಗೆಗಾಗಿ ಕಾದೆವು. ಹೋದ ಜೀವ ಕಾಗೆಯಾಗಿ ಬಂದು ಎಡೆ ಮುಟ್ಟಬೇಕು, ಮುಟ್ಟದಿದ್ದರೆ ಜೀವಕ್ಕೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ.

ಶಾಲೆಯ ಹಂಚಿನ ಮೇಲೆ ನಾಲ್ಕು ಕಾಗೆ ಕುಳಿತಿದ್ದವು. ಮಕ್ಕಳ ಬುತ್ತಿಗೆ ದಿನಾ ಮುಗಿಬೀಳುವ ಕಾಗೆಗಳು. ಅರ್ಧ ಗಂಟೆಯಾದರೂ ಒಂದೂ ಇಳಿಯಲಿಲ್ಲ.

"ಏನೋ ಕೊರತೆ ಐತೆ," ಎಂದಳು ಓಬಮ್ಮ. "ನೀವೇ ಕೇಳ್ಕಳ್ರಪ್ಪ. ಏನು ನಡೆಸಿಕೊಡ್ತೀರಿ ಅಂತ ಮಾತು ಕೊಡ್ರಿ."

ರಾಮಾಂಜನೇಯ ಕೈಮುಗಿದ. "ದೊರೆತಮ್ಮ, ಇನ್ಮೇಲೆ ಕಾಪಿ ಹೊಡಿಯಲ್ಲ. ಬಾರಮ್ಮ."

ಕಾಗೆ ಕತ್ತು ಓರೆ ಮಾಡಿತು.

"ಲೇ, ನಿನ್ನ ಮಾತು ಕಾಗೇನೂ ನಂಬಲ್ಲ," ಎಂದಳು ಒಬ್ಬಳು. ಕೆಲವರು ನಕ್ಕರು. ಇನ್ನೊಬ್ಬ ಹೇಳಿದ, "ಕನ್ನಡದಾಗೆ ಕೇಳಿದ್ರೆ ಆಯಮ್ಮಂಗೆ ಹೆಂಗೆ ತಿಳೀತೈತೆ? ಇಂಗ್ಲಿಷ್‌ನಾಗೆ ಕೇಳ್ರಲೇ."

ಒಬ್ಬೊಬ್ಬರೇ ಇಂಗ್ಲಿಷಿನಲ್ಲಿ ಮಾತು ಕೊಡತೊಡಗಿದರು. ಪಾಸಾಗುತ್ತೇನೆ, ದಿನಾ ಒಂದು ಪುಟ ಬರೆಯುತ್ತೇನೆ, ತಂಗಿಗೆ ಹೊಡೆಯುವುದಿಲ್ಲ. ಪುಸ್ತಕ ನೋಡದೆ, ತಡವರಿಸದೆ. ಇಷ್ಟು ವರ್ಷ ಯಾವ ಕ್ಲಾಸಿನಲ್ಲೂ ಕೇಳದ ಇಂಗ್ಲಿಷನ್ನು ಉಗ್ರಪ್ಪ ಮೇಷ್ಟ್ರು ಅಂದು ಹೊಂಗೆ ಮರದ ಕೆಳಗೆ ತಲೆ ತಗ್ಗಿಸಿಕೊಂಡು ಕೇಳಿದರು.

ಕೊನೆಗೆ ದುರ್ಗಾ ಮುಂದೆ ಬಂದಳು. ನಿಧಾನವಾಗಿ, ಒಂದೊಂದೇ ಪದ ಹುಡುಕಿ, ಅವಳೂ ಇಂಗ್ಲಿಷಿನಲ್ಲೇ ಹೇಳಿದಳು. ಅಮ್ಮ ಯಾವತ್ತಾದರೂ ವಾಪಸ್ ಬಂದರೆ ಬಾಗಿಲು ಹಾಕುವುದಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. ಊಟಕ್ಕೆ ಇಡುತ್ತೇನೆ. ನೀವು ಈಗ ತಿನ್ನಿ.

ಓಬಮ್ಮನಿಗೆ ಅರ್ಥವಾಗಲಿಲ್ಲ. ಮೇಷ್ಟ್ರಿಗೆ ಆಯಿತು.

"ಸಾಕು," ಎಂದರು. "ಕಾಗೆ ಬರಲ್ಲ. ಆಕೆ ಸತ್ತಿಲ್ಲ. ಇರಲೇ ಇಲ್ಲ ಕಣ್ರಮ್ಮ. ನಾನೇ ಬರೀತಿದ್ದೆ. ಎಲ್ಲಾ ನಾನೇ."

ನನ್ನ ಹೆಸರನ್ನು ಅವರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಓಬಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಹಂಗಾದ್ರೆ ಹಾಲು-ತುಪ್ಪ ಬಿಟ್ಟಿದ್ದು ನಿಮಗಾ ಮೇಷ್ಟ್ರೇ?" ಎಂದಳು. ಬೈಗುಳವಾಗಿ ಅಲ್ಲ, ನಿಜವಾಗಿ ಹೆದರಿ ಕೇಳಿದಳು.

ದುರ್ಗಾ ಕಲ್ಲು ಸರಿಸಿ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು.

"ಹಂಗಾದ್ರೆ ಯಾರೂ ಓದಿರಲಿಲ್ಲ," ಎಂದಳು.

"ನಾನು ಓದಿದ್ನಲ್ಲಮ್ಮ. ಒಂದೊಂದು ಅಕ್ಷರಾನೂ ಓದಿದೀನಿ."

"ನೀವು ಮೇಷ್ಟ್ರು ಸಾರ್. ಓದಾದು ನಿಮ್ಮ ಕೆಲಸ. ಆಯಮ್ಮಂಗೆ ಅದು ಕೆಲಸ ಆಗಿರಲಿಲ್ಲ. ಅದಕ್ಕೇ ಬರೀತಿದ್ದೆ."

ಹಾಳೆಯನ್ನು ನಾಲ್ಕಾಗಿ ಮಡಿಸಿ ಅವರ ಕೈಗೆ ಕೊಟ್ಟು ಅಜ್ಜಿಯ ಜೊತೆ ಮನೆಗೆ ಹೋದಳು. ಎಡೆ ಅಲ್ಲೇ ಉಳಿಯಿತು. ನಾವು ಹೋದ ಮೇಲೆ ಕಾಗೆಗಳು ಇಳಿದಿರಬಹುದು. ನೋಡಲು ಯಾರೂ ಇರಲಿಲ್ಲ.

ವಾರದೊಳಗೆ ಮೇಷ್ಟ್ರು ಹೊರಕೆರೆದೇವಪುರಕ್ಕೆ ಹೋದರು. ಅಲ್ಲಿಂದ ಅವಳಿಗೆ ಮೂರು ಕಾಗದ ಬರೆದರಂತೆ, ತಮ್ಮದೇ ಹೆಸರಿನಲ್ಲಿ. ಉತ್ತರ ಬರಲಿಲ್ಲ. ಮುಂದಿನ ವರ್ಷ ದುರ್ಗಾ ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಇಂಗ್ಲಿಷಿನಲ್ಲಿ ಮಾತ್ರ ನಲವತ್ತೊಂದು. ಸ್ನೇಹಿತೆಗೆ ಪತ್ರ ಬರೆಯುವ ಪ್ರಶ್ನೆಯನ್ನೂ ಪ್ರಬಂಧವನ್ನೂ ಮುಟ್ಟಿರಲಿಲ್ಲವೆಂದು ರಾಮಾಂಜನೇಯ ನನಗೆ ಹೇಳಿದ. ಮೇಷ್ಟ್ರಿಗೆ ಅದನ್ನು ನಾನು ತಿಳಿಸಲಿಲ್ಲ. ಅವರಿಗೆ ಬೇರೆ ಯಾರೋ ತಿಳಿಸಿದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಅವಳು ಹಿರಿಯೂರಿನ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಾಳೆಂದು ಗೊತ್ತಾಗಿ ಮೇಷ್ಟ್ರು ರಜೆ ಹಾಕಿ ಬಂದರು. ನನ್ನನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ನಾಲ್ಕೂವರೆಯ ಧರ್ಮಪುರದ ಬಸ್ಸಿಗೆ ಅವಳು ಬಂದಳು. ಎತ್ತರವಾಗಿದ್ದಳು. ನಮ್ಮನ್ನು ನೋಡಿ ಚಪ್ಪಲಿ ಬಿಟ್ಟು ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿದಳು.

"ಚೆನ್ನಾಗಿದೀಯೇನಮ್ಮ?"

"ಚೆನ್ನಾಗಿದೀನಿ ಸಾರ್. ನಿಮ್ಮ ಮಂಡಿನೋವು ಹೆಂಗೈತೆ ಸಾರ್?"

"ಐತೆ, ಹಂಗೇ ಐತೆ." ಮೇಷ್ಟ್ರು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಏನಾದ್ರೂ ಬರೀತಿದೀಯಾ?"

"ಬರೀತೀನಿ ಸಾರ್. ನೋಟ್ಸ್ ಬರೀತೀನಿ."

ಬಸ್ ಬಂತು. ಬರ್ತೀನಿ ಸಾರ್ ಎಂದು ಹೇಳಿ ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ ತಿರುಗುವವರೆಗೂ ಮೇಷ್ಟ್ರು ನಿಂತೇ ಇದ್ದರು. ಆಮೇಲೆ ಕಲ್ಲಿನ ಬೆಂಚಿನ ಮೇಲೆ ಕುಳಿತು, ನನ್ನ ಕಡೆ ನೋಡದೆ, "ಒಳ್ಳೇ ಹುಡುಗಿ ಕಣ್ರೀ," ಎಂದರು. "ಒಂದು ಮಾತು ಬೈಲಿಲ್ಲ ನೋಡ್ರಿ."