ನಾಲ್ಕು ಭಾಷೆಯಲ್ಲಿ 'ಇಲ್ಲ'

ಬಾಳ್ಳುಪೇಟೆ ಹತ್ತಿರದ ಕಾಫಿ ಎಸ್ಟೇಟೊಂದರ ಸಾಹುಕಾರರು, ಆಳುಗಳು ಮೊಬೈಲಿನಲ್ಲೇ ರಜೆ ಕೇಳಲಿ ಎಂದು ವೆಬ್‌ಸೈಟ್ ಮಾಡಿಸಿದ್ದರು. ಅದಕ್ಕೆ ಕನ್ನಡದ ಜೊತೆ ತಮಿಳು, ಹಿಂದಿ, ಅಸ್ಸಾಮಿ ಸೇರಿಸಲು ನಾನು ಹೋಗಿದ್ದೆ. ಕಾಫಿ ಹಣ್ಣು ಕೊಯ್ಯುವ ಕಾಲ, ಒಬ್ಬ ಆಳೂ ತಪ್ಪುವಂತಿಲ್ಲ. "ಮೊದಲು 'ರಜೆ ಇಲ್ಲ' ಅನ್ನೋದನ್ನ ಎಲ್ಲಾ ಭಾಷೆಗೂ ಹಾಕಿ" ಅಂದರು ಸಾಹುಕಾರರು. ಹಾಕಿದೆ.

"'ರಜೆ ಮಂಜೂರು' ಅನ್ನೋದನ್ನ?"

"ಅದಕ್ಕೇನು ಅವಸರ ಮಾರಾಯ್ರೆ!"

ಆಳುಗಳ ಲೈನುಮನೆಯಲ್ಲಿ ಮೂವತ್ತು ವರ್ಷದಿಂದ ಇರುವ ಸೆಲ್ವಿಯಮ್ಮ ಮೊದಲು ಒತ್ತಿ ನೋಡಿದರು. ಮೊಮ್ಮಗಳ ಕಿವಿ ಚುಚ್ಚಿಸಲು ಎರಡು ದಿನ ಬೇಕಿತ್ತು. ತಕ್ಷಣ ಅಚ್ಚ ತಮಿಳಿನಲ್ಲಿ 'ಇಲ್ಲ' ಬಂತು. ನಾನು ಹೆಮ್ಮೆಯಿಂದ, "ತಮಿಳು ಸರಿಯಾಗಿದೆಯಾ?" ಎಂದೆ.

"ತಮಿಳೇನೋ ಚೆನ್ನಾಗೈತೆ ಸಾರ್" ಎಂದವರೇ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟೋರ್ ಬಾಗಿಲಲ್ಲಿದ್ದ ಸಾಹುಕಾರರ ಎದುರಿಗೇ ಹೋಗಿ ನಿಂತರು.

"ಅಯ್ಯಾ, ಮೊಮ್ಮಗಳಿಗೆ ಕಿವಿ ಚುಚ್ಚಿಸ್ಬೇಕು. ಎರಡು ದಿನ ಹೋಗ್ಬತ್ತೀನಿ."

ಸಾಹುಕಾರರು ಕಾಫಿ ಒಣಗುತ್ತಿದ್ದ ಕಣ ನೋಡಿದರು, ಆಕಾಶ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. "ಹೂಂ, ಹೋಗ್ಬಾ" ಅಂದುಬಿಟ್ಟರು.

ಆಕೆ ಅತ್ತ ಹೋದ ಮೇಲೆ ನನ್ನ ಮೇಲೆ ರೇಗಿದರು: "ಭಾಷೆ ಎಲ್ಲಾ ಸರಿ ಕಣ್ರೀ. ಅವರು ನನ್ನ ಎದುರಿಗೆ ಬರದಂಗೆ ಒಂದು ಬಟನ್ ಹಾಕ್ಬುಡಿ!"