ಬೆಳಕಿಗೆ ಹಿಡಿಯದ ಕುದುರೆ

ಮೊನ್ನೆ ಮೊಮ್ಮಗಳ ಬಳೆಯೊಂದು ಬಚ್ಚಲ ಕಲ್ಲಿಗೆ ತಾಗಿ ಒಡೆಯಿತು. ಅಷ್ಟೇ ಸದ್ದು, ನನ್ನ ಮೂಗಿಗೆ ಮಾತ್ರ ಜಾಲಿ ಇದ್ದಿಲಿನ ಹೊಗೆ, ಕರಗುವ ಗಾಜಿನ ಕಾದ ವಾಸನೆ ಬಂದು ಬಡಿಯಿತು. ಅಳವಂಡಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹುಸೇನಜ್ಜನ ಬಳೆ ಕುಲುಮೆ ಇತ್ತು. ಒಡೆದ ಬಳೆಗಳನ್ನು ನಮ್ಮ ಮನೆಯಲ್ಲಿ ಎಸೆಯುತ್ತಿರಲಿಲ್ಲ. ಒಬ್ಬೊಬ್ಬ ಹೆಂಗಸಿನ ಚೂರುಗಳನ್ನೂ ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿಟ್ಟು, ಅವಳು ಬಸುರಾದಾಗ ಹುಸೇನಜ್ಜನಿಗೆ ಕೊಡುತ್ತಿದ್ದರು. ಅವನು ಅದನ್ನೇ ಕರಗಿಸಿ, ಹುಟ್ಟುವ ಕೂಸಿಗೆಂದು ಹೆಬ್ಬೆರಳಿನಷ್ಟು ಆನೆಯನ್ನೋ ನವಿಲನ್ನೋ ಚಿಮಟದಲ್ಲಿ ಎಳೆದು ಮಾಡುತ್ತಿದ್ದ. ಪಡಸಾಲೆಯ ಗೂಡಿನಲ್ಲಿ ಅವು ಸಾಲಾಗಿ ನಿಂತಿದ್ದವು, ನನ್ನ ಜಿಂಕೆಯೂ ಸೇರಿ.

ಗಂಗಾವತಿ ಸಂತೆಯಿಂದ ತಂದವೂ ನಾಲ್ಕಾರು ಅಲ್ಲಿ ಬೆರೆತಿದ್ದವು. ಅವುಗಳ ಕುಲ ಹಿಡಿಯುವುದನ್ನು ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದಳು. ಹುಸೇನಜ್ಜ ಎಡಚ, ಅವನ ಪ್ರಾಣಿಗಳ ಬಾಲ ಎಡಕ್ಕೆ ತಿರುಚಿರುತ್ತಿತ್ತು. ಸಂತೆಯವುಗಳ ಬಾಲ ನೆಟ್ಟಗೆ, ಹೊಟ್ಟೆ ತರಿತರಿ. "ಬಾಲ ನೋಡಿದ್ರ ಮಾಡಿದಾಂವ ಗೊತ್ತಾಗ್ತಾನ. ಬೆಳಕಿಗೆ ಹಿಡದ್ರ ಯಾರ ಬಳೀ ಚೂರು ಅಂತ ಗೊತ್ತಾಗ್ತೈತಿ. ಎರಡೂ ನೋಡಲಾರದ ಬಾಯಿ ಬಿಡಬ್ಯಾಡ." ಹತ್ತು ವರ್ಷಕ್ಕೆ ನಾನು ಕಣ್ಣು ಮುಚ್ಚಿ ಬೆರಳಾಡಿಸಿಯೇ ಹೇಳುತ್ತಿದ್ದೆ. ಓಣಿಯವರೆಲ್ಲ ಹೊಗಳಿ ಹೊಗಳಿ ನನಗೆ ಜಂಬ ನೆತ್ತಿಗೇರಿತ್ತು.

ಅದು ನಿಜಾಮರ ಆಳ್ವಿಕೆಯ ಕೊನೆಯ ವರ್ಷ. ಒಂದು ಮಧ್ಯಾಹ್ನ ಬಂದೂಕು, ತಲವಾರು ಹಿಡಿದವರು ಊರು ಹೊಕ್ಕರು. ಹೆಂಗಸರು ಮಕ್ಕಳು ನೆಲದಡಿಯ ಜೋಳದ ಹಗೇವಿಗೆ ಇಳಿದೆವು. ಬಸುರಿ ಕಾಕಿಯ ಬಳೆಗಳು ಸದ್ದು ಮಾಡದಂತೆ ಅಜ್ಜಿ ಅವಳ ಎರಡೂ ಕೈಗಳನ್ನು ಒತ್ತಿ ಹಿಡಿದಿದ್ದಳು. ಮೇಲೆ ಬಾಗಿಲು ಸೀಳಿದ್ದು ಕೇಳಿಸಿತು. ಕಾಕಾ ಒಮ್ಮೆ ಕೂಗಿದ್ದೂ ಕೇಳಿಸಿತು. ಹೊರಗೆ ಬಂದಾಗ ಅವನು ಅಂಗಳದಲ್ಲಿ ಬೋರಲು ಬಿದ್ದಿದ್ದ, ಕುತ್ತಿಗೆ ಅರ್ಧ ಕಡಿದುಹೋಗಿತ್ತು. ಗೂಡಿನ ಪ್ರಾಣಿಗಳೆಲ್ಲ ಪುಡಿಪುಡಿಯಾಗಿದ್ದವು. ಹೆಣದ ಮಗ್ಗುಲಲ್ಲಿ ಮಾತ್ರ ಗಾಜಿನ ಕುದುರೆಯೊಂದು ರಕ್ತ ಮೆತ್ತಿಕೊಂಡು ಇಡಿಯಾಗಿ ಬಿದ್ದಿತ್ತು. ನಮ್ಮ ಗೂಡಿನಲ್ಲಿ ಕುದುರೆ ಇರಲೇ ಇಲ್ಲ.

"ದಾರಿ ತೋರಿಸಿದಾಂವ ನಮ್ಮೂರಾಂವನs ಅದಾನ. ಇದು ಅವನ ಕಿಸೇದಾಗಿಂದ ಬಿದ್ದೈತಿ," ಎಂದ ಆಗಷ್ಟೇ ಹೊಲದಿಂದ ಓಡಿಬಂದ ದೊಡ್ಡಪ್ಪ. ಅವನ ಕೈಯಲ್ಲಿ ಕೊಡಲಿ ಇತ್ತು. ಕುದುರೆಯನ್ನು ನನ್ನ ಮುಖದ ಮುಂದೆ ಹಿಡಿದ. "ಯಾರ ಕೈದು, ಹೇಳವ್ವಾ?"

ಅಜ್ಜಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕಿವಿಗೆ ಏನೂ ಬೀಳುತ್ತಿರಲಿಲ್ಲ. ನಾನು ಬಾಲ ನೋಡಿದೆ. ಎಡಕ್ಕಿತ್ತು.

"ಹುಸೇನಜ್ಜಂದು."

ಮುಂದಿನದೆಲ್ಲ ಹಿಂದಿನ ಓಣಿಯಿಂದ ಕೇಳಿಸಿತು. ಅವನ ಎಡಗೈಯನ್ನು ಕುಲುಮೆಯ ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಜಜ್ಜಿದರು. "ಅದು ನಿಮ್ಮನೀದs ಐತ್ರೀ! ಬೆಳಕಿಗೆ ಹಿಡದ ನೋಡ್ರೀ!" ಎಂದು ಅವನು ಕೂಗುತ್ತಲೇ ಇದ್ದ. ಕೊಡಲಿಯ ಬಾಯಿ ತಿರುಗಿದ ಮೇಲೆ ಕೂಗು ನಿಂತಿತು. ಕುಲುಮೆಯ ಗುಡಿಸಲು ಸಂಜೆಯತನಕ ಉರಿಯಿತು.

ಹತ್ತನೆಯ ದಿನ ಕಾಕಿಯ ಬಳೆ ಒಡೆದರು. ಅಂಗಳದ ಬಿಸಿಲಲ್ಲಿ ಚೂರುಗಳು ಬಿದ್ದವು: ಹಸಿರು, ನಡುವೆ ಅರಿಶಿನದ ಎಳೆ. ಅಂಥ ಬಳೆ ಮನೆಯಲ್ಲಿ ಅವಳೊಬ್ಬಳಿಗೇ ಇದ್ದದ್ದು. ಒಳಗೋಡಿ ಕುದುರೆ ತಂದು, ಒಣಗಿದ ರಕ್ತ ತೊಳೆದು, ಬಿಸಿಲಿಗೆ ಹಿಡಿದೆ. ಹಸಿರು, ನಡುವೆ ಅರಿಶಿನದ ಎಳೆ. ಕಾಕಿಯ ಕೂಸಿಗೆಂದು ಮಾಡಿದ್ದ ಕುದುರೆ ಅದು. ದಾಳಿಯ ದಿನ ಬೆಳಿಗ್ಗೆಯಷ್ಟೇ ಹುಸೇನಜ್ಜ ಅದನ್ನು ಕಾಕಾನ ಕೈಗೆ ಕೊಟ್ಟಿದ್ದನಂತೆ. ಕಾಕಿಗೆ ಆಮೇಲೆ ತೋರಿಸೋಣವೆಂದು ಕಾಕಾ ಕಿಸೆಗೆ ಹಾಕಿಕೊಂಡಿದ್ದ. ಊರು ಬಿಡುವ ದಿನ ಹುಸೇನಜ್ಜನ ಹೆಂಡತಿ ನಮ್ಮ ಕಟ್ಟೆಯ ಕೆಳಗೆ ನಿಂತು ಇಷ್ಟು ಹೇಳಿ ಹೋದಳು. ಮನೆಯ ಗಂಡಸರು ಒಬ್ಬರೂ ತಲೆ ಎತ್ತಲಿಲ್ಲ.

ಅಜ್ಜಿ ಕುದುರೆಯನ್ನು ನೋಡಿ, ನನ್ನನ್ನು ನೋಡಿ, "ಬಾಲ ಅಷ್ಟ ನೋಡಿದೇನವ್ವಾ?" ಎಂದಳು. ಬೈಯಲಿಲ್ಲ. ಆಮೇಲೆ ಎಂದೂ ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ.

ಆ ಮನೆ ಈಗಿಲ್ಲ, ಅವರು ಯಾರೂ ಇಲ್ಲ. ಕುದುರೆ ನನ್ನ ಕಿಟಕಿಯಲ್ಲಿದೆ. ಬಂದವರು ಕೈಗೆತ್ತಿಕೊಂಡು, ಎಷ್ಟು ಚೆಂದ, ಯಾರು ಮಾಡಿದ್ದು ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಒಮ್ಮೆ ಹೇಳಿದ್ದೆ, ಸರಿಯಾಗಿಯೇ ಹೇಳಿದ್ದೆ.