ನಾಲ್ಕು ಹಾಸಿಗೆ, ಮೂರು ಸೀಟು

ಚಳಿಗಾಲದ ಟ್ರೇಲರ್ ಎಂಬುದೇ ಒಂದು ಸುಳ್ಳು ಎಂದು ನಾನು ಅಪ್ಪನಿಗೆ ಅಕ್ಟೋಬರಿನಲ್ಲೇ ಹೇಳಿದ್ದೆ. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಆ ಪುಟ್ಟ ಮನೆಯ ಗೋಡೆಗೆ ‘ನಾಲ್ಕೂ ಋತುಗಳಿಗೆ’ ಎಂದು ಸ್ಟಿಕ್ಕರ್ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ತಯಾರಿಸಿದವನೇ ಪರೀಕ್ಷೆ ಬರೆಯುತ್ತಾನೆ, ಅವನೇ ಮಾರ್ಕ್ಸ್ ಹಾಕಿಕೊಳ್ಳುತ್ತಾನೆ. ಎಷ್ಟು ಚಳಿಯವರೆಗೆ ಪೈಪಿನ ನೀರು ಹೆಪ್ಪುಗಟ್ಟುವುದಿಲ್ಲ, ಬರೆದುಕೊಡಿ ಎಂದರೆ ಮಾರುವವರು ನಗುತ್ತಾರೆ. ಇದನ್ನೆಲ್ಲ ನಾನು ಅಟ್ಲಾಂಟಾದ ನನ್ನ ಕಾಲೇಜಿನ ಡಾರ್ಮಿನಿಂದ ಫೋನಿನಲ್ಲಿ ಅರ್ಧ ಗಂಟೆ ವಾದಿಸಿದೆ. ವರ್ಜೀನಿಯಾದ ಹರ್ನ್‌ಡನ್‌ನ ಮನೆಯಲ್ಲಿ ಕೂತು ಹ್ಞೂಂ, ಹ್ಞೂಂ ಎನ್ನುತ್ತಿದ್ದ ಅಪ್ಪ ಕೊನೆಗೆ, “ಸರಿ ಪುಟ್ಟಿ, ಹಾಗಾದ್ರೆ ಯಾವ್ದು ತಗೊಳ್ಳೋಣ, ನೀನೇ ಹೇಳು” ಎಂದರು.

ಅವರ ವರಸೆಯೇ ಇದು. ವಾದ ಮಾಡುವುದಿಲ್ಲ, ವಾದ ಮಾಡಿದವಳ ಕೈಗೇ ಕೆಲಸ ಕೊಡುತ್ತಾರೆ. ಹೈಸ್ಕೂಲಿನಿಂದ ಡಿಬೇಟ್ ತಂಡದಲ್ಲಿದ್ದವಳು ನಾನು. ನಾಣ್ಯ ಚಿಮ್ಮಿ ಯಾವ ಪಕ್ಷ ಬಂದರೂ ಆ ಪಕ್ಷವನ್ನು ಗೆಲ್ಲಿಸಬಲ್ಲೆ ಎಂಬ ಜಂಬ ನನ್ನದು. ಆದರೆ ಎದುರು ಪಕ್ಷವೇ ಇಲ್ಲದ ಕಡೆ ಗೆಲ್ಲುವುದು ಹೇಗೆ?

ಕೋವಿಡ್ ಕಾಲದಲ್ಲಿ ಊರಿಗೆ ಊರೇ ಟ್ರೇಲರ್ ಕೊಂಡಾಗ ಸುಮ್ಮನಿದ್ದ ಮನುಷ್ಯನಿಗೆ ಈಗ, ಅದೂ ಡಿಸೆಂಬರಿನಲ್ಲಿ, ಬೆಟ್ಟದ ಮೇಲೆ ಮಲಗುವ ಹುಚ್ಚು ಯಾಕೆ ಹಿಡಿಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಬರುವ ಫೆಬ್ರವರಿಗೆ ನನಗೆ ಇಪ್ಪತ್ತೊಂದು ತುಂಬುವುದಿತ್ತು. ಇಲ್ಲಿ ಹುಟ್ಟಿದವರಿಗೆ ಅದು ಬಾರಿನೊಳಗೆ ಹೋಗಲು ಅನುಮತಿ ಸಿಗುವ ಹುಟ್ಟುಹಬ್ಬ. ಮೈಸೂರಿನಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಕೆಲಸದ ವೀಸಾಕ್ಕೆ ಜೋತುಬಿದ್ದು ಬಂದ ನನಗೆ ಅದು ಆ ಹಿಡಿತ ಬಿಡಿಸುವ ದಿನ. ಇಪ್ಪತ್ತೊಂದಾದವಳು ಕಾನೂನಿನ ಪ್ರಕಾರ ಯಾರ ಮಗುವೂ ಅಲ್ಲ. ಅಪ್ಪನ ವೀಸಾದಲ್ಲಿ ಅವಳಿಲ್ಲ, ಅಪ್ಪ ವರ್ಷಗಟ್ಟಲೆ ನಿಂತಿರುವ ಗ್ರೀನ್ ಕಾರ್ಡ್ ಸಾಲಿನಲ್ಲೂ ಇಲ್ಲ. ವಿದ್ಯಾರ್ಥಿ ವೀಸಾಕ್ಕೆ ಬೇರೆ ಅರ್ಜಿ ಹಾಕಿದ್ದೆ. ಸಿಕ್ಕರೆ ಓದು ಮುಗಿಯುವವರೆಗೆ ಇರಬಹುದು. ಆಮೇಲೆ ಬೇರೆ ದೇಶ ನೋಡಿಕೊಳ್ಳಬೇಕು. ನನ್ನ ಹನ್ನೊಂದು ವರ್ಷದ ತಂಗಿ ಇಲ್ಲೇ ಹುಟ್ಟಿದವಳು. ನಮ್ಮ ಮನೆಯಲ್ಲಿ ಯಾರೂ ಅಲುಗಾಡಿಸಲಾಗದ ಪಾಸ್‌ಪೋರ್ಟ್ ಇರುವುದು ಅವಳೊಬ್ಬಳಿಗೇ.

ನಮ್ಮ ಪಕ್ಕದೂರು ಶ್ಯಾಂಟಿಲಿಯ ಅಂಕಲ್ ಒಬ್ಬರು ಯುಗಾದಿ ಊಟದಲ್ಲಿ, “ಸಂಸತ್ತಿನಲ್ಲಿ ಏನೋ ಬಿಲ್ ಬರ್ತಿದೆಯಂತಮ್ಮ, ಎಲ್ಲಾ ಸರಿಹೋಗತ್ತೆ” ಎಂದಿದ್ದರು. “ಯಾವ ಬಿಲ್ ಅಂಕಲ್? ಯಾವ ಕಮಿಟೀಲಿದೆ?” ಎಂದು ಕೇಳಿದೆ. “ನೀನು ಮೊದ್ಲು ಹೋಳಿಗೆಗೆ ತುಪ್ಪ ಹಾಕ್ಕೋ” ಎಂದರು.

ಅಪ್ಪನೂ ಹೀಗೆ ಸುಮ್ಮನೆ ನಂಬಿ ಕೂರುವ ಜಾತಿ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಯಾಕೆಂದರೆ ಟ್ರೇಲರಿನ ವಿಷಯದಲ್ಲಿ ಎಲ್ಲದಕ್ಕೂ ಬಗ್ಗುತ್ತಿದ್ದವರು ಒಂದಕ್ಕೆ ಮಾತ್ರ ಬಗ್ಗಲಿಲ್ಲ: ನಾಲ್ಕು ಜನ ಮಲಗುವಂತಿರಬೇಕು. ನಮ್ಮ ಕಾರು ಲಾರಿಯಲ್ಲ, ಮಧ್ಯಮ ಗಾತ್ರದ ಎಸ್‌ಯುವಿ. ಚಳಿ ತಡೆಯುವ ದಪ್ಪ ಗೋಡೆ, ಹೀಟರು, ಎರಡು ಗ್ಯಾಸ್ ಸಿಲಿಂಡರು ಇವೆಲ್ಲ ಸೇರಿದರೆ ಟ್ರೇಲರ್ ಭಾರವಾಗುತ್ತದೆ. ಅದರ ಮೇಲೆ ನಾಲ್ಕು ಹಾಸಿಗೆ ಎಂದರೆ ಇನ್ನಷ್ಟು ಉದ್ದ, ಇನ್ನಷ್ಟು ಭಾರ.

“ಮೂರು ಜನಕ್ಕೆ ಪ್ಲಾನ್ ಮಾಡಿ ಅಪ್ಪ” ಎಂದೆ. “ನಾನು ಎಷ್ಟು ಸಲ ಬರ್ತೀನಿ? ಒಂದು ಸಲ? ಎರಡು? ಇಲ್ಲದೇ ಇರೋಳಿಗೋಸ್ಕರ ದೊಡ್ಡದು ತಗೊಂಡು ಇರೋ ಮೂರು ಜನ ಬೆಟ್ಟದಲ್ಲಿ ಬ್ರೇಕ್ ಹಿಡೀದೆ ಸಾಯ್ತೀರಾ? ಮಾರ್ಜಿನ್ ಇಲ್ಲದ ಲೆಕ್ಕ ಲೆಕ್ಕಾನೇ ಅಲ್ಲ.”

“ಹಾಸಿಗೆ ನಾಲ್ಕು ಇರ್ಲಿ” ಎಂದರು ಅಪ್ಪ. “ಬಾಕಿದ್ದು ನೀನು ಹೇಳಿದ ಹಾಗೆ.”

ಡಿಸೆಂಬರಿನಲ್ಲಿ ರಜೆ ಶುರುವಾದ ಶನಿವಾರ, ನಾರ್ತ್ ಕೆರೊಲಿನಾದಲ್ಲಿ ಹೆದ್ದಾರಿಯ ಪಕ್ಕದ ಒಂದು ಟ್ರೇಲರ್ ಅಂಗಡಿಯಲ್ಲಿ ನಾವು ಸೇರಿದೆವು. ಅವರು ಮೂವರು ಹರ್ನ್‌ಡನ್‌ನಿಂದ ಹಿಂದಿನ ದಿನವೇ ಬಂದು ಹೋಟೆಲಿನಲ್ಲಿ ಉಳಿದಿದ್ದರು. ನಾನು ನನ್ನ ಹಳೆಯ ಸಣ್ಣ ಕಾರಿನಲ್ಲಿ ಅಟ್ಲಾಂಟಾದಿಂದ ನಾಲ್ಕು ಗಂಟೆ ಓಡಿಸಿಕೊಂಡು ಹೋದೆ. ಅಂದೇ ಕೊಂಡು, ಅಂದೇ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಇದ್ದು ಬರುವುದು ಅಪ್ಪನ ಯೋಜನೆ.

ಅವರು ಆರಿಸಿಟ್ಟಿದ್ದ ಟ್ರೇಲರಿನ ಅಡಿಗೆ ನಾನು ಜಾಕೆಟ್ ಹಾಕಿಕೊಂಡೇ ತೆವಳಿ ಹೋದೆ. ಅದರ ಹೊಟ್ಟೆಯ ಕೆಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿತ್ತು, ನೀರಿನ ಟ್ಯಾಂಕಿನ ಕಡೆಗೆ ಹೀಟರಿನ ಬಿಸಿ ಗಾಳಿಯ ಕೊಳವೆ ಹೋಗಿತ್ತು. ಅಷ್ಟು ನಿಜ. ಆದರೆ ಕೊಳಕು ನೀರು ಹೊರಬಿಡುವ ವಾಲ್ವ್ ಆ ಹಾಳೆಯ ಹೊರಗೆ, ಗಾಳಿಗೆ ಮೈಯೊಡ್ಡಿ ನಿಂತಿತ್ತು. ಮೇಲೆದ್ದು, “ಇದು ಮೊದಲ ರಾತ್ರೀನೇ ಹೆಪ್ಪುಗಟ್ಟತ್ತೆ” ಎಂದೆ. ಮಾರುವವನು ನನ್ನ ಮಂಡಿಯ ಮಣ್ಣನ್ನೇ ನೋಡುತ್ತಾ, ಹಾಗೆಂದು ಯಾರೂ ದೂರು ಕೊಟ್ಟಿಲ್ಲ ಎಂದ. ದೂರು ಬಂದಿಲ್ಲ ಎಂಬುದು ದೋಷವಿಲ್ಲ ಎಂಬುದಕ್ಕೆ ಪುರಾವೆಯಲ್ಲ ಎಂದೆ. ಅವನು ಅಪ್ಪನ ಕಡೆ ತಿರುಗಿ, ನಿಮ್ಮ ಮಗಳು ಲಾಯರಾ ಎಂದು ಕೇಳಿದ. ಅಮ್ಮ ನನಗೆ ಮಾತ್ರ ಕೇಳುವಂತೆ, “ಕಾಫಿ ಕುಡಿದ್ಯೇನೇ? ಖಾಲಿ ಹೊಟ್ಟೇಲಿ ಜಗಳ ಆಡ್ಬೇಡ” ಎಂದಳು.

“ಲೆಕ್ಕ ತೋರ್ಸಿ” ಎಂದೆ ಅಪ್ಪನಿಗೆ.

ಕಾರಿನ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ: ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡು ಮೀರಬಾರದು. ಟ್ರೇಲರ್ ಎಳೆಯುವವರು ಮರೆಯುವುದು ಇದನ್ನೇ. ಕಾರಿಗೆ ಎಳೆಯುವ ತಾಕತ್ತಿದೆಯೇ ಎಂದು ನೋಡುತ್ತಾರೆ. ಟ್ರೇಲರಿನ ಮೂತಿ ಕಾರಿನ ಬೆನ್ನ ಮೇಲೆ ಹೇರುವ ಭಾರವೂ ಒಳಗೆ ಕೂತವರ ಭಾರವೂ ಒಂದೇ ಖಾತೆಗೆ ಬೀಳುತ್ತವೆ ಎಂದು ನೋಡುವುದಿಲ್ಲ. ಅಪ್ಪ ಸಾಫ್ಟ್‌ವೇರ್ ಟೆಸ್ಟರ್. ಮರೆಯುವ ಜಾತಿಯಲ್ಲ. ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಪ್ರಿಂಟ್‌ಔಟ್ ತೆಗೆದುಕೊಟ್ಟರು.

ತಪ್ಪು ಹುಡುಕಲೆಂದೇ ಓದಿದೆ. ಸಿಗಲಿಲ್ಲ. ಮೂತಿಯ ಭಾರವನ್ನು ಖಾಲಿ ಟ್ರೇಲರಿನದಲ್ಲ, ಗ್ಯಾಸು, ಬ್ಯಾಟರಿ, ಬಟ್ಟೆಬರೆ ತುಂಬಿದ ಟ್ರೇಲರಿನದೇ ಹಿಡಿದಿದ್ದರು. ಕಾರಿನ ಟ್ರಂಕಿನಲ್ಲಿಡುವ ಕುಕ್ಕರ್, ಮಿಕ್ಸಿ, ಅಕ್ಕಿ, ನೀರಿನ ಕ್ಯಾನು ಒಂದೊಂದೂ ಬೇರೆ ಬೇರೆ ಸಾಲಿನಲ್ಲಿದ್ದವು. ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, “ರೀ, ನನ್ನ ತೂಕ ಇಷ್ಟಾ? ಇಪ್ಪತ್ತು ಪೌಂಡು ಜಾಸ್ತಿ ಬರ್ದಿದೀರಲ್ಲ!” ಎಂದಳು.

“ಸೇಫ್ಟಿಗೆ” ಎಂದರು ಅಪ್ಪ.

“ನಿಮ್ಮದಕ್ಕೆ ಹಾಕಿಲ್ಲ ಸೇಫ್ಟಿ?”

ಕೊನೆಯ ಸಾಲಿನಲ್ಲಿ, ಸ್ಟಿಕ್ಕರಿನ ಮಿತಿಗೆ ಇನ್ನೂ ತೊಂಬತ್ತು ಪೌಂಡು ಬಾಕಿ ಉಳಿದಿತ್ತು. ಇಷ್ಟು ಭಾರದ ಟ್ರೇಲರಿಗೆ ಇದು ಹೇಗೆ ಸಾಧ್ಯ ಎಂದು ಮತ್ತೆ ಮೇಲಿನಿಂದ ಓದಿದೆ. ಅಪ್ಪ, ಅಮ್ಮ, ತಂಗಿ. ಮುಂದಿನ ಸಾಲು ಕುಕ್ಕರ್.

“ಅಪ್ಪ, ಒಬ್ರು ಬಿಟ್ಟೋಗಿದಾರೆ.”

“ಬಿಟ್ಟೋಗಿಲ್ಲ” ಎಂದರು ಅಪ್ಪ. “ನೀನೇ ಹೇಳಿದ್ಯಲ್ಲ, ಮೂರು ಜನಕ್ಕೆ ಪ್ಲಾನ್ ಮಾಡಿ ಅಂತ.”

ಅಷ್ಟು ತಿಂಗಳು ಎದುರು ಪಕ್ಷವಿಲ್ಲ ಎಂದುಕೊಂಡು ನಾನು ಗುದ್ದಾಡಿದ್ದೆ. ಇಲ್ಲಿ ನೋಡಿದರೆ ನಾನು ಎಂದೋ ಗೆದ್ದುಬಿಟ್ಟಿದ್ದೆ. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ ಎಂದು ಗೊತ್ತಿದ್ದರೆ ಆ ಮಾತನ್ನು ಆಡುತ್ತಲೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅವರು ನನ್ನ ಮಾತು ಒಪ್ಪುವುದಲ್ಲ, ಮೂರ್ಖರಂತೆ ನಂಬುತ್ತಲೇ ಇರುವುದು. ಅವರ ಮೂರ್ಖತನದ ಮೇಲೆ ಒರಗಿಕೊಂಡೇ ನಾನು ಅಷ್ಟು ಬುದ್ಧಿವಂತಿಕೆ ತೋರಿಸಿದ್ದು.

ತಕ್ಷಣ ಪಕ್ಷ ಬದಲಿಸಿದೆ. “ಅಮ್ಮನ ಇಪ್ಪತ್ತು ತೆಗೀರಿ.”

“ತೆಗೆದೆ.”

“ನನ್ನ ತೂಕ ನೂರಾ ಹದಿನೆಂಟು. ಈಗ ಎಷ್ಟು ಮೀರತ್ತೆ? ಎಂಟೇ ಎಂಟು. ಮಿಕ್ಸಿ ಮನೇಲಿಡಿ, ಅಕ್ಕಿ ಅಲ್ಲೇ ತಗೊಳ್ಳಿ. ನಾಲ್ಕು ಜನಾನೂ ಹಿಡೀತೀವಿ.”

“ಹಿಡೀತೀವಿ” ಎಂದು ಅಪ್ಪ ಒಪ್ಪಿದರು. “ಸೊನ್ನೆಗೆ ಬಂದು ನಿಲ್ಲತ್ತೆ. ಮಾರ್ಜಿನ್ ಇಲ್ದೆ ಬೆಟ್ಟ ಹತ್ತೋದಾ ಪುಟ್ಟಿ?”

ನನ್ನದೇ ವಾಕ್ಯ. ಡಿಬೇಟಿನಲ್ಲಿ ಎದುರಾಳಿಯ ಮಾತನ್ನು ಅವನ ಬಾಯಿಗೇ ತುರುಕುವುದಕ್ಕೆ ಅಂಕ ಕೊಡುತ್ತಾರೆ. ಅಪ್ಪನ ಮುಖದಲ್ಲಿ ಅಂಕ ಪಡೆದವರ ಕಳೆ ಇರಲಿಲ್ಲ.

“ಹಾಸಿಗೆ ನಾಲ್ಕು ಇದೆಯಲ್ಲ” ಎಂದರು. “ಸೀಟು ಇಲ್ದಿದ್ರೂ ಹಾಸಿಗೆ ಇದೆ. ನೀನು ಎಲ್ಲಿಂದಾದ್ರೂ ಬರ್ತೀಯ, ನಿನ್ನ ಪಾಡಿಗೆ. ಅಟ್ಲಾಂಟಾ ಆಗ್ಲಿ, ಟೊರಾಂಟೋ ಆಗ್ಲಿ. ಬಂದಾಗ ಮಲಗೋಕೆ ಜಾಗ ಇರ್ಬೇಕು.”

“ಅತಿಥಿ ಥರ.”

“ಅತಿಥಿಗೆ ಯಾರು ಬಂಕ್ ಬೆಡ್ ಕೊಡ್ತಾರೆ?”

ತಂಗಿ ಅಷ್ಟರಲ್ಲಿ ಟ್ರೇಲರಿನ ಕಿಟಕಿಯಿಂದ ತಲೆ ಹೊರಹಾಕಿ, “ಅಕ್ಕಾ, ಐ ಗೆಟ್ ದಿ ಟಾಪ್ ಬಂಕ್! ನೀನು ಕೆಳಗೆ ಓಕೆ?” ಎಂದು ಕೂಗಿದಳು. ಅಮ್ಮ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಬ್ಯಾಗಿನಲ್ಲಿದ್ದ ಪೆನ್ನಿನಿಂದ ತನ್ನ ತೂಕವನ್ನು ಹೊಡೆದುಹಾಕಿ ನಿಜವಾದದ್ದನ್ನು ಬರೆದಳು. ನನ್ನದನ್ನು ಸೇರಿಸಲಿಲ್ಲ. ಸೇರಿಸುತ್ತಾಳೇನೋ ಎಂದು ಪೆನ್ನಿನ ತುದಿಯನ್ನೇ ನೋಡುತ್ತಾ ನಿಂತಿದ್ದೆ.

ಅದನ್ನೇ ಕೊಂಡರು.

ಬೆಟ್ಟದವರೆಗೆ ಎರಡೂವರೆ ಗಂಟೆ ನಾನು ಅವರ ಹಿಂದೆಯೇ ಕಾರು ಓಡಿಸಿದೆ. ಟ್ರೇಲರಿನ ಬಿಳಿ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಳಗಿನ ಮೂವರ ತಲೆಗಳೂ ಇಲ್ಲ, ಮುಂದಿನ ದಾರಿಯೂ ಇಲ್ಲ. ತಿರುವುಗಳು ಶುರುವಾದಾಗ ತಂಗಿ ಫೋನ್ ಮಾಡಿದಳು. “ಅಪ್ಪ ಕೇಳ್ತಿದಾರೆ, ಇಸ್ ಇಟ್ ಸ್ವೇಯಿಂಗ್?”

ಸುಳ್ಳು ಹೇಳಬಹುದಿತ್ತು. “ಇಲ್ಲ ಅನ್ನು” ಎಂದೆ. “ಒಂಚೂರೂ ಅಲ್ಲಾಡ್ತಿಲ್ಲ.” ಆ ಲೆಕ್ಕ ಅಷ್ಟು ಸರಿಯಾಗಿತ್ತು.

ಕ್ಯಾಂಪಿನಲ್ಲಿ ಒಂದು ಜಾಗಕ್ಕೆ ಒಂದೇ ಗಾಡಿ ಎಂಬ ನಿಯಮ. ನನ್ನ ಕಾರನ್ನು ಗೇಟಿನ ಬಳಿಯ ಆಫೀಸಿನ ಮುಂದೆ ನಿಲ್ಲಿಸಿ ನಡೆದುಕೊಂಡು ಒಳಗೆ ಹೋದೆ. ಅಮ್ಮ ಮಾಡಿದ ಬಿಸಿ ಅನ್ನ ಸಾರು ಉಂಡು ಕೆಳಗಿನ ಹಾಸಿಗೆಯಲ್ಲಿ ಮಲಗಿದೆ. ಹಾಸಿಗೆ ಚೆನ್ನಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಎದ್ದರೆ ಹೊರಗಿನ ವಾಲ್ವ್ ಕಲ್ಲಾಗಿತ್ತು.

“ಹೇಳಿದ್ನಾ ಇಲ್ವಾ?” ಎಂದೆ.

“ಹೇಳಿದ್ದೆ ಕಣೇ, ಹೇಳಿದ್ದೆ” ಎಂದಳು ಅಮ್ಮ, ಸ್ಟೋವಿನಿಂದ ಬಿಸಿನೀರಿನ ಪಾತ್ರೆ ಇಳಿಸುತ್ತಾ. “ನೀನು ಹೇಳಿದ್ದಕ್ಕೆ ಅದು ಕರಗತ್ತಾ? ತಗೊಂಡೋಗಿ ಸುರಿ.”

ಅಪ್ಪ ಟಾರ್ಚ್ ಹಿಡಿದರು, ನಾನು ನೀರು ಸುರಿದೆ. ಮೂರನೆಯ ಪಾತ್ರೆಗೆ ವಾಲ್ವ್ ಬಿಟ್ಟುಕೊಂಡಿತು. ಫೆಬ್ರವರಿಯ ಬಗ್ಗೆ ಏನಾದರೂ ಅನ್ನುತ್ತಾರೇನೋ ಎಂದು ಕಾದಿದ್ದೆ. “ಕೈ ಸುಟ್ಕೋಬೇಡ” ಎಂದರು, ಅಷ್ಟೇ.

ಹೊರಡುವಾಗ ಟ್ಯಾಂಕಿನ ಕೊಳಕು ನೀರು ಬಿಡುವ ಜಾಗಕ್ಕೆ ಮೊದಲು ಹೋಗಬೇಕಿತ್ತು. ಅದು ಗೇಟಿನ ದಾರಿಯಲ್ಲೇ, ಅರ್ಧ ಮೈಲಿ ದೂರ. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದಾಗ ಅಪ್ಪ ಹಿಂದಿನ ಬಾಗಿಲು ತೆರೆದರು.

“ಹತ್ತು. ಇಷ್ಟು ದೂರಕ್ಕೆ ಏನೂ ಆಗಲ್ಲ.”

ಎಂಟು ಪೌಂಡು ಮೀರಿದರೂ ಮೀರಿದ್ದೇ ಎಂದು ವಾದಿಸಬಲ್ಲವಳು ನಾನು. ಹತ್ತಿ ಕೂತೆ. ತಂಗಿ ತನ್ನ ಕಾಲ ಮೇಲಿದ್ದ ಕಂಬಳಿಯನ್ನು ನನಗೂ ಹೊದಿಸಿದಳು. ಅಪ್ಪ ನಡಿಗೆಯ ವೇಗದಲ್ಲಿ, ಎರಡೂ ಕನ್ನಡಿ ನೋಡುತ್ತಾ ಓಡಿಸಿದರು. ಅಮ್ಮ ಮುಂದಿನಿಂದ ಕಿತ್ತಳೆ ಹಣ್ಣಿನ ತೊಳೆ ಬಿಡಿಸಿ ಹಿಂದಕ್ಕೆ ಕೊಡುತ್ತಿದ್ದಳು, ನನಗೊಂದು, ತಂಗಿಗೊಂದು. ನೀರು ಬಿಟ್ಟಾಯಿತು. ಮತ್ತೆ ಹತ್ತಿದೆ. ಈ ಸಲ ಹತ್ತು ಎಂದು ಯಾರೂ ಹೇಳಿರಲಿಲ್ಲ, ನಾನೇ ಹತ್ತಿದೆ. ಕ್ಯಾಂಪಿನ ರಸ್ತೆ ಇನ್ನೂ ಒಂದು ಸುತ್ತು ಇರಬಾರದಿತ್ತೇ ಅನ್ನಿಸಿತು.

ಆಫೀಸಿನ ಮುಂದೆ, ನನ್ನ ಕಾರಿನ ಪಕ್ಕದಲ್ಲಿ, ನಾನು ಕೇಳುವ ಮೊದಲೇ ಅಪ್ಪ ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ.

“ತಲುಪಿದ ತಕ್ಷಣ ಮೆಸೇಜ್ ಹಾಕು” ಎಂದಳು ಅಮ್ಮ.

ಇಳಿದು ಬಾಗಿಲು ಹಾಕಿದೆ. ಗಾಜಿನಾಚೆ ತಂಗಿ ಕಂಬಳಿಯನ್ನು ಪೂರ್ತಿ ತನ್ನ ಕಡೆ ಎಳೆದುಕೊಂಡು, ನಾನು ಕೂತಿದ್ದ ಸೀಟಿನ ಮೇಲೆ ಕಾಲು ಚಾಚಿದಳು.